ಕಾವಲಿಲ್ಲದ ಕಾವಲುಗೋಪುರಗಳು: ಹುಡೇವುಗಳು ಹಾಳುಬಿದ್ದದ್ದೇಕೆ?

ಬಾಗಲಕೋಟೆ: ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಬಯಲುಸೀಮೆಯಲ್ಲಿ ಹಳೆಯ ಊರುಗಳನ್ನು ಹೊಕ್ಕವರಿಗೆ ಪರಿಚಿತವಾದ ದೃಶ್ಯವೊಂದಿದೆ. ಅರ್ಧ ಕುಸಿದ ಅಗಸಿ ಬಾಗಿಲು, ಗೌಡರ ಅಥವಾ ದೇಸಾಯರ ವಾಡೆಯ ಎತ್ತರದ ಗೋಡೆ, ಅದರ ಮಗ್ಗುಲಲ್ಲಿ ಮೇಲೆ ಹೋದಂತೆ ಕಿರಿದಾಗುವ ದುಂಡನೆಯ ಗೋಪುರದ ಮೋಟು. ಜನರು ಇದನ್ನು ಹುಡೇವು ಅಥವಾ ಹುಡೆ ಎಂದು ಕರೆಯುತ್ತಾರೆ. ಅದರ ಬುಡದಲ್ಲಿ ತಿಪ್ಪೆ, ನೆತ್ತಿಯಲ್ಲಿ ಬೇವಿನ ಸಸಿ, ಗೋಡೆಯ ಕಿಂಡಿಗಳಲ್ಲಿ ಪಾರಿವಾಳ.

ಇವು ಒಂದು ಕಾಲದ ಯುದ್ಧರಕ್ಷಣೆಯ ಕಟ್ಟಡಗಳು. ಬಾದಾಮಿಯ ಕೋಟೆಯಂತೆ ಅರಸರು ಕಟ್ಟಿಸಿದವಲ್ಲ, ಊರು ತನ್ನ ರಕ್ಷಣೆಗೆ ತಾನೇ ಕಟ್ಟಿಕೊಂಡವು. ಆದ್ದರಿಂದಲೇ ಇತಿಹಾಸದ ಪುಸ್ತಕಗಳಲ್ಲಿ ಇವುಗಳಿಗೆ ಸ್ಥಾನ ಕಡಿಮೆ, ಸರ್ಕಾರದ ಸಂರಕ್ಷಣೆಯ ಪಟ್ಟಿಯಲ್ಲಿ ಇನ್ನೂ ಕಡಿಮೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಇವು ಏಕೆ ಹುಟ್ಟಿದವು, ಏಕೆ ಅನಾಥವಾದವು, ಈಗ ಅವುಗಳ ಮುಂದಿರುವ ದಾರಿ ಯಾವುದು ಎಂಬುದರ ವಿವರ ಇಲ್ಲಿದೆ.

ಹುಡೇವು ಎಂದರೇನು?

ಹುಡೇವು ಎಂಬುದು ಊರಿನ ಕಾವಲುಗೋಪುರ. ಕೆಲವೆಡೆ ಅದು ಊರ ಗೋಡೆಯ ಕೊತ್ತಲವಾಗಿದ್ದರೆ, ಕೆಲವೆಡೆ ವಾಡೆಯ ಮೂಲೆಯಲ್ಲಿರುತ್ತದೆ. ಊರ ನಡುವಿನ ದಿಬ್ಬದ ಮೇಲೆ ಒಂಟಿಯಾಗಿ ನಿಂತಿರುವುದೂ ಉಂಟು. ಬುಡದಲ್ಲಿ ಕಲ್ಲಿನ ಕಟ್ಟಡ, ಮೇಲ್ಭಾಗದಲ್ಲಿ ಮಣ್ಣು ಅಥವಾ ಹಸಿ ಇಟ್ಟಿಗೆ ಇರುವುದು ಸಾಮಾನ್ಯ. ಕಲ್ಲು ಸುಲಭವಾಗಿ ದೊರೆಯುವ ಊರುಗಳಲ್ಲಿ ಇಡೀ ಗೋಪುರವೇ ಕಲ್ಲಿನದು. ಭೂವಿಜ್ಞಾನಿಗಳು ಕಲಾದಗಿ ಶಿಲಾವರ್ಗ ಎಂದು ಹೆಸರಿಸಿರುವ ಮರಳುಗಲ್ಲು ಮತ್ತು ಸುಣ್ಣಗಲ್ಲು ಈ ಜಿಲ್ಲೆಯ ದೊಡ್ಡ ಭಾಗದಲ್ಲಿ ಹರಡಿರುವುದರಿಂದ ಕಲ್ಲಿಗೆ ಬರವಿರಲಿಲ್ಲ.

ಇದರ ವಿನ್ಯಾಸ ಸರಳವಾದರೂ ಜಾಣತನದ್ದು. ಗೋಪುರ ದುಂಡಗಿರುವುದರಿಂದ ದಾಳಿಕಾರರು ಅವಿತುಕೊಳ್ಳಲು ಮೂಲೆ ಸಿಗುವುದಿಲ್ಲ. ಹಲವು ಹುಡೇವುಗಳಿಗೆ ನೆಲಮಟ್ಟದಲ್ಲಿ ಬಾಗಿಲೇ ಇಲ್ಲ. ಆಳೆತ್ತರಕ್ಕಿಂತ ಮೇಲಿರುವ ಚಿಕ್ಕ ಬಾಗಿಲಿಗೆ ಏಣಿ ಹಾಕಿ ಹತ್ತಿ, ಬಳಿಕ ಏಣಿಯನ್ನು ಒಳಗೆ ಎಳೆದುಕೊಳ್ಳುವ ವ್ಯವಸ್ಥೆ ಅದು. ಗೋಡೆಯ ಕಿಂಡಿಗಳು ಒಳಗೆ ಅಗಲವಾಗಿ, ಹೊರಗೆ ಕಿರಿದಾಗಿ, ಕೆಳಮುಖವಾಗಿ ಇಳಿಜಾರಾಗಿರುತ್ತವೆ. ಒಳಗಿನ ಬಂದೂಕಿನವನಿಗೆ ಬುಡದವರೆಗೆ ಗುರಿ ಸಿಗಬೇಕು, ಹೊರಗಿನವನಿಗೆ ಒಳಗಿನವನು ಕಾಣಬಾರದು. ಕಳೆದ ಶತಮಾನದಲ್ಲಿ ಕಾಂಕ್ರೀಟಿನ ಬಂಕರ್‌ಗಳನ್ನು ಕಟ್ಟಿದ ಎಂಜಿನಿಯರುಗಳು ಪಾಲಿಸಿದ್ದೂ ಇದೇ ಸೂತ್ರವನ್ನು.

ಮಣ್ಣಿನ ಗೋಡೆಗೆ ಇನ್ನೊಂದು ಗುಣವಿದೆ. ಫಿರಂಗಿಯ ಗುಂಡು ತಗುಲಿದರೆ ಕಲ್ಲಿನ ಗೋಡೆ ಸೀಳುತ್ತದೆ, ಚೂರುಗಳು ಒಳಗಿನವರಿಗೇ ಬಡಿಯುತ್ತವೆ. ದಪ್ಪ ಮಣ್ಣಿನ ಗೋಡೆ ಗುಂಡನ್ನು ನುಂಗಿಕೊಳ್ಳುತ್ತದೆ. ದೊಡ್ಡ ಸೈನ್ಯದ ದೀರ್ಘ ಮುತ್ತಿಗೆಯನ್ನು ಊರ ಹುಡೇವು ತಡೆಯಲಾರದು, ಅದರ ಉದ್ದೇಶವೂ ಅದಲ್ಲ. ಕುದುರೆಯೇರಿ ಬಂದು, ಸಿಕ್ಕಿದ್ದನ್ನು ದೋಚಿ, ಅದೇ ದಿನ ಮುಂದಿನ ಊರಿಗೆ ಹೋಗುವ ಸುಲಿಗೆ ತಂಡಗಳನ್ನು ಒಂದೆರಡು ದಿನ ದೂರವಿಟ್ಟರೆ ಸಾಕಿತ್ತು.

ನೆಲದೊಳಗಿನ ಬಂಕರ್: ಹಗೇವು

ನೆಲದ ಮೇಲೆ ಹುಡೇವು ಇದ್ದಂತೆ ನೆಲದ ಕೆಳಗೆ ಹಗೇವು ಇತ್ತು. ಇದು ಜೋಳ ತುಂಬಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಡಲು ಅಗಲ. ಒಳಗೋಡೆಗೆ ಹುಲ್ಲಿನ ಹೊದಿಕೆ ಕೊಟ್ಟು, ಒಣಗಿದ ಜೋಳ ಸುರಿದು, ಮೇಲೆ ಕಲ್ಲಿನ ಚಪ್ಪಡಿ ಇಟ್ಟು ಮಣ್ಣು ಮುಚ್ಚಿದರೆ ಅಲ್ಲೊಂದು ಕಣಜವಿದೆ ಎಂಬ ಗುರುತೇ ಉಳಿಯುವುದಿಲ್ಲ. ಮನೆಯಂಗಳದಲ್ಲಿ, ಓಣಿಯ ನಡುವೆ, ವಾಡೆಯ ಒಳಗೆ ಹೀಗೆ ಹಗೇವುಗಳು ಇದ್ದವು.

ಗಾಳಿಯಾಡದ ಗುಂಡಿಯೊಳಗೆ ಕಾಳು ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳುಗಳು ಬದುಕುವುದಿಲ್ಲ, ಆದ್ದರಿಂದ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆದರೆ ಅದೇ ಅನಿಲ ಮನುಷ್ಯನಿಗೂ ಮಾರಕ. ಹಗೇವಿನ ಬಾಯಿ ತೆರೆದು, ಗಾಳಿಗೆ ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಒಳಗಿಳಿಯುವುದು ಹಿರಿಯರ ರೂಢಿಯಾಗಿತ್ತು. ಈ ಎಚ್ಚರ ಮರೆತಾಗ ಜೀವ ಹೋದದ್ದೂ ಇದೆ. ಮರೆತುಹೋದ ಹಗೇವಿನ ಬಾಯಿ ಮಳೆಗಾಲದಲ್ಲಿ ಕುಸಿದು ಬೀಳುವ ಅಪಾಯ ಹಳೆಯ ಊರುಗಳಲ್ಲಿ ಈಗಲೂ ಉಂಟು.

ಹಗೇವು ಸುಲಿಗೆಗಾರರಿಂದ ಮಾತ್ರವಲ್ಲ, ಬರಗಾಲದಿಂದಲೂ ಊರನ್ನು ಕಾಯುತ್ತಿತ್ತು. 1791-92ರ ಡೋಗಿ ಬರ, 1876-78ರ ಮಹಾಕ್ಷಾಮ ಎರಡೂ ಈ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿದವು. ವಾರ್ಷಿಕ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನಲ್ಲಿರುವ ನಾಡಿನಲ್ಲಿ ಎರಡು ವರ್ಷದ ಜೋಳವನ್ನು ನೆಲದಲ್ಲಿ ಹೂತಿಡುವುದು ವಿವೇಕದ ಕೆಲಸವಾಗಿತ್ತು.

ಯಾರ ಭಯಕ್ಕೆ ಕಟ್ಟಿದರು?

1686ರಲ್ಲಿ ವಿಜಾಪುರದ ಆದಿಲಶಾಹಿ ಔರಂಗಜೇಬನ ವಶವಾದ ಮೇಲೆ ಕೃಷ್ಣೆಯ ದಕ್ಷಿಣದ ಈ ನಾಡು ಒಂದು ಕೈಯಲ್ಲಿ ಬಹುಕಾಲ ನಿಲ್ಲಲಿಲ್ಲ. ಮೊಗಲರು, ನಿಜಾಮರು, ಸವಣೂರಿನ ನವಾಬರು, ಪೇಶ್ವೆಯವರು ಒಬ್ಬರಾದ ಮೇಲೊಬ್ಬರು ಕಂದಾಯ ಕೇಳಿದರು. 1770ರ ದಶಕದ ಕೊನೆಯಲ್ಲಿ ಹೈದರ್ ಅಲಿಯ ಆಳ್ವಿಕೆ ಕೃಷ್ಣೆಯ ದಂಡೆಯವರೆಗೆ ಚಾಚಿತು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದ ಮತ್ತು ಕಿತ್ತೂರುಗಳನ್ನು ಹಿಡಿಯಿತು. 1786ರಲ್ಲಿ ಮರಾಠರು ಮತ್ತು ನಿಜಾಮರು ಒಟ್ಟಾಗಿ ಬಾದಾಮಿಗೆ ಮುತ್ತಿಗೆ ಹಾಕಿ ಗೆದ್ದರು. 1787ರ ಗಜೇಂದ್ರಗಡ ಒಪ್ಪಂದದಿಂದ ಬಾದಾಮಿ, ನರಗುಂದ, ಕಿತ್ತೂರು ಪ್ರದೇಶಗಳು ಮತ್ತೆ ಮರಾಠರ ಪಾಲಾದವು.

ಅಂದರೆ ಒಬ್ಬ ರೈತನ ಜೀವಿತಾವಧಿಯಲ್ಲಿಯೇ ರಾಜ್ಯದ ಗಡಿ ಆತನ ಹೊಲದ ಮೇಲೆ ಹಲವು ಬಾರಿ ಹಾದುಹೋಯಿತು. ಸೈನ್ಯ ಹೋದ ಮೇಲೆ ಅದರಿಂದ ಬಿಡುಗಡೆಯಾದ ಸವಾರರು ದಂಡು ಕಟ್ಟಿಕೊಂಡು ತಿರುಗಿದರು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಆರ್ಥರ್ ವೆಲ್ಲೆಸ್ಲಿ ಮಲಪ್ರಭಾ ತೀರದ ನಾಡಿನಲ್ಲೆಲ್ಲ ಸೈನ್ಯ ನಡೆಸಿದನು. ಆ ಬಳಿಕ ಪಿಂಡಾರಿಗಳ ಹಾವಳಿ. ಯಾವ ಅರಸನ ಸೈನ್ಯವೂ ಸಕಾಲಕ್ಕೆ ಬಂದು ಕಾಪಾಡುವುದಿಲ್ಲವೆಂದು ಖಚಿತವಾದ ಮೇಲೆ ಊರುಗಳು ತಾವೇ ಗೋಡೆ ಎಬ್ಬಿಸಿದವು, ಹುಡೇವು ಕಟ್ಟಿದವು. ಬೇಡ ಸಮುದಾಯದವರೂ ತಳವಾರರೂ ಇನಾಮು ಭೂಮಿಗೆ ಪ್ರತಿಯಾಗಿ ಕಾವಲು ನಿಂತರು.

ಹುಡೇವು ಒಬ್ಬ ಅರಸನ ವೈಭವದ ಗುರುತಲ್ಲ. ರಾಜ್ಯವಿಲ್ಲದಾಗ ಊರು ಹೇಗೆ ಬದುಕಿತು ಎಂಬುದರ ಗುರುತು.

ನಾಲ್ಕು ಊರು, ಹಲವು ಗಡಿ

1818ರಲ್ಲಿ ಪೇಶ್ವೆಯವರ ಆಳ್ವಿಕೆ ಕೊನೆಗೊಂಡಿತು. ಆ ವರ್ಷದ ಫೆಬ್ರವರಿಯಲ್ಲಿ ಥಾಮಸ್ ಮನ್ರೋ ಬಾದಾಮಿಯನ್ನು ಹಿಡಿದನು, ಬಾಗಲಕೋಟೆ ಶರಣಾಯಿತು, ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆ ಬಿದ್ದಿತು. ಮನ್ರೋನ ಬಳಿ ಇದ್ದ ಸೈನ್ಯ ಚಿಕ್ಕದು, ಸ್ಥಳೀಯವಾಗಿ ಸೇರಿಸಿಕೊಂಡ ಕಾಲಾಳುಗಳೇ ಅದರಲ್ಲಿ ಬಹುಪಾಲು.

ಹೊಸ ವ್ಯವಸ್ಥೆಯಲ್ಲಿ ನಾಡು ತುಂಡುತುಂಡಾಗಿಯೇ ಉಳಿಯಿತು. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ಬ್ರಿಟಿಷರ ನೇರ ಆಳ್ವಿಕೆಯ ಮುಂಬಯಿ ಪ್ರಾಂತ್ಯದಲ್ಲಿತ್ತು. ಇಂದು ಒಂದೇ ನಗರಸಭೆಯಡಿ ಇರುವ ರಬಕವಿ ಮತ್ತು ಬನಹಟ್ಟಿ ಎಂಬ ನೇಕಾರರ ಊರುಗಳಲ್ಲಿ ರಬಕವಿ ಸಾಂಗ್ಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು.

ಆದರೆ ಈ ಗಡಿಗಳಿಗೆ ಕೋಟೆ ಬೇಕಾಗಿರಲಿಲ್ಲ. ಸಂಸ್ಥಾನಗಳು ಪರಸ್ಪರ ಯುದ್ಧ ಮಾಡುವಂತಿರಲಿಲ್ಲ. ಘಟಪ್ರಭಾ ದಂಡೆಯ ಕಲಾದಗಿಯಲ್ಲಿ ಬ್ರಿಟಿಷರ ದಂಡು ನೆಲೆ ನಿಂತಿತ್ತು, ಎಲ್ಲರ ಮೇಲೂ ಅದರ ಕಣ್ಣಿತ್ತು. ಊರ ಗೋಡೆಯ ಕೆಲಸ ಅಲ್ಲಿಗೆ ಅರ್ಧ ಮುಗಿಯಿತು.

ಗೋಡೆಗೆ ಮೊದಲು ಆಯುಧ ಹೋಯಿತು

ಉಳಿದರ್ಧ ಮುಗಿದದ್ದು 1857ರಲ್ಲಿ. ಉತ್ತರ ಭಾರತದ ದಂಗೆಯ ನಡುವೆ ಕಂಪನಿ ಸರ್ಕಾರ ಶಸ್ತ್ರಾಸ್ತ್ರ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳುವುದು ಅಪರಾಧವಾಯಿತು. ಆಗ ಮುಧೋಳ ಸಂಸ್ಥಾನದಲ್ಲಿದ್ದ, ಇಂದು ಮುಧೋಳ ತಾಲೂಕಿನಲ್ಲಿರುವ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಬೇಟೆ ಮತ್ತು ಕಾವಲನ್ನೇ ಬದುಕಾಗಿಸಿಕೊಂಡಿದ್ದವರಿಗೆ ಆಯುಧ ಬಿಡುವುದೆಂದರೆ ಅನ್ನದ ದಾರಿಯನ್ನೂ ಮಾನವನ್ನೂ ಬಿಡುವುದೇ ಆಗಿತ್ತು.

1857ರ ನವೆಂಬರ್ 29 ಮತ್ತು 30ರಂದು ಬ್ರಿಟಿಷ್ ಪಡೆ ಹಲಗಲಿಯನ್ನು ಸುತ್ತುವರಿಯಿತು. ಊರೊಳಗಿನಿಂದ ಗುಂಡು ಹಾರಿಸಿ ಎದುರಿಸಿದವರನ್ನು ಹೊರದಬ್ಬಲು ಊರಿಗೇ ಬೆಂಕಿ ಇಡಲಾಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಈ ಪ್ರಸಂಗದ ಲಾವಣಿಯೂ ಸೇರಿದೆ. ಶಾಲೆಯ ಪಠ್ಯದ ಮೂಲಕ ಅದು ರಾಜ್ಯದ ಮಕ್ಕಳಿಗೆಲ್ಲ ಪರಿಚಿತ.

ಮರುವರ್ಷ ನರಗುಂದದ ಸರದಿ. 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ಆರಂಭದಲ್ಲಿ ನರಗುಂದ ಬಿದ್ದಿತು, ಅದರ ದೊರೆ ಭಾಸ್ಕರರಾವ್ ಭಾವೆಯನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಈ ಎರಡು ಘಟನೆಗಳ ನಂತರ ಗೋಡೆ ಮತ್ತು ಹುಡೇವುಗಳ ಅರ್ಥವೇ ಬದಲಾಯಿತು. ಅದುವರೆಗೆ ಊರನ್ನು ಕಾಯುತ್ತಿದ್ದ ಕಟ್ಟಡವನ್ನು ಸರ್ಕಾರ ಸಂಶಯದಿಂದ ನೋಡತೊಡಗಿತು. ಗೋಡೆ ರಿಪೇರಿ ಮಾಡಿಸುವ ಊರು ಏನನ್ನೋ ಹೂಡುತ್ತಿದೆ ಎಂಬ ಅನುಮಾನಕ್ಕೆ ಗುರಿಯಾಗಬಹುದಿತ್ತು. ಬಂದೂಕಿಲ್ಲದ ಕಿಂಡಿಯಿಂದ ಪ್ರಯೋಜನವೂ ಇರಲಿಲ್ಲ.

ಗಡಿ ಸರಿದಾಗ ಕೋಟೆ ಹಾಳು

ಕೋಟೆಗಳು ಸೋತು ಹಾಳಾಗುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಎಷ್ಟೋ ಕೋಟೆಗಳು ಹಾಳಾಗುವುದು ಗಡಿ ಸರಿದುಹೋದ ಕಾರಣಕ್ಕೆ. ಇದಕ್ಕೆ ಜಗತ್ತಿನ ಅತಿ ದೊಡ್ಡ ಉದಾಹರಣೆ ಹಿಂದಿನ ಸೋವಿಯತ್ ಒಕ್ಕೂಟದ ಪಶ್ಚಿಮ ಗಡಿಯಲ್ಲಿದೆ.

ಸೋವಿಯತ್ ಸರ್ಕಾರ 1920ರ ದಶಕದ ಕೊನೆಯಿಂದ ತನ್ನ ಅಂದಿನ ಪಶ್ಚಿಮ ಗಡಿಯುದ್ದಕ್ಕೂ ಕಾಂಕ್ರೀಟಿನ ಬಂಕರ್‌ಗಳ ಸಾಲು ಕಟ್ಟಿತು. ಇದಕ್ಕೆ ಸ್ಟಾಲಿನ್ ರೇಖೆ ಎಂಬ ಹೆಸರು ಬಂತು. 1939ರಲ್ಲಿ ಪೋಲೆಂಡ್ ಇಬ್ಭಾಗವಾಗಿ ಗಡಿ ಪಶ್ಚಿಮಕ್ಕೆ ಸರಿಯಿತು. ಹಳೆಯ ಸಾಲನ್ನು ಕಡೆಗಣಿಸಿ, ಅಲ್ಲಿನ ಆಯುಧಗಳಲ್ಲಿ ಬಹಳಷ್ಟನ್ನು ಕಳಚಿ, 1940ರಿಂದ ಹೊಸ ಗಡಿಯಲ್ಲಿ ಮತ್ತೊಂದು ಸಾಲು ಆರಂಭಿಸಲಾಯಿತು. ಅದು ಮೊಲೊಟೊವ್ ರೇಖೆ. 1941ರ ಜೂನ್ 22ರಂದು ಜರ್ಮನಿ ದಾಳಿ ಮಾಡಿದಾಗ ಹೊಸ ಸಾಲಿನ ಬಹುಪಾಲು ಅಪೂರ್ಣವಾಗಿತ್ತು, ಹಳೆಯ ಸಾಲು ಬರಿದಾಗಿತ್ತು. ಆ ಬಂಕರ್‌ಗಳು ಪೋಲೆಂಡ್, ಲಿಥುವೇನಿಯಾ, ಬೆಲಾರುಸ್, ಉಕ್ರೇನ್‌ಗಳ ಹೊಲ ಮತ್ತು ಕಾಡುಗಳಲ್ಲಿ ಇಂದಿಗೂ ಬಿದ್ದಿವೆ.

ಕೃಷ್ಣಾ ತೀರದ ಮಣ್ಣಿನ ಹುಡೇವಿಗೂ ಆ ಕಾಂಕ್ರೀಟಿನ ಬಂಕರಿಗೂ ಗಾತ್ರದಲ್ಲಿ, ಕಾಲದಲ್ಲಿ ಹೋಲಿಕೆಯಿಲ್ಲ. ಆದರೆ ಎರಡನ್ನೂ ಅನಾಥ ಮಾಡಿದ್ದು ಗಡಿಯ ಸ್ಥಳಾಂತರವೇ. ವ್ಯತ್ಯಾಸ ಇರುವುದು ನಂತರದ ಬಾಳಿನಲ್ಲಿ. ಕಾಂಕ್ರೀಟು ಯಾರೂ ನೋಡಿಕೊಳ್ಳದಿದ್ದರೂ ದಶಕಗಟ್ಟಲೆ ನಿಲ್ಲುತ್ತದೆ. ಬೆಲಾರುಸ್‌ನ ಮಿನ್ಸ್ಕ್ ಬಳಿ ಸ್ಟಾಲಿನ್ ರೇಖೆಯ ಒಂದು ಭಾಗವನ್ನು ದುರಸ್ತಿಗೊಳಿಸಿ 2005ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ತೆರೆಯಲಾಯಿತು. ಮಣ್ಣಿಗೆ ಅಷ್ಟು ಕಾಯುವ ಶಕ್ತಿಯಿಲ್ಲ.

ನಮ್ಮಲ್ಲಿಯೂ ಗಡಿಗಳು ಸರಿಯುತ್ತಲೇ ಹೋದವು. 1864ರಲ್ಲಿ ಜಿಲ್ಲಾ ಕೇಂದ್ರವಾದ ಕಲಾದಗಿ 1880ರ ದಶಕದಲ್ಲಿ ಆ ಸ್ಥಾನವನ್ನು ವಿಜಾಪುರಕ್ಕೆ ಬಿಟ್ಟುಕೊಟ್ಟಿತು. ದಂಡು, ಕಚೇರಿಗಳಿದ್ದ ಊರು ಇಂದು ದಾಳಿಂಬೆ ಮತ್ತು ಚಿಕ್ಕು ಹಣ್ಣಿಗೆ ಹೆಸರಾಗಿದೆ. 1948ರಲ್ಲಿ ಜಮಖಂಡಿ, ಮುಧೋಳ, ಸಾಂಗ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಜಮಖಂಡಿ ಸಂಸ್ಥಾನದಲ್ಲಿ ಆಗ ಆಡಳಿತದ ಮುಂಚೂಣಿಯಲ್ಲಿದ್ದವರು ಸಾವಳಗಿಯ ಬಿ.ಡಿ. ಜತ್ತಿ. ಮುಂದೆ ಅವರು ದೇಶದ ಉಪರಾಷ್ಟ್ರಪತಿಯಾದರು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯ ಸೇರಿತು, 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಕಾಲಕ್ಕೆ ಗಡಿ ಹಾದುಹೋಗಿದ್ದ ರಬಕವಿ ಮತ್ತು ಬನಹಟ್ಟಿ ಈಗ ಒಂದೇ ತಾಲೂಕಿನ ಜೋಡಿ ಹೆಸರು.

ಮಣ್ಣು ಕರಗುವುದು ಹೇಗೆ?

ಮಣ್ಣಿನ ಗೋಡೆ ಎಂದಿಗೂ ಕಟ್ಟಿ ಮುಗಿಯುವುದಿಲ್ಲ. ಪ್ರತಿ ಮಳೆಗಾಲ ಅದರ ಮೈಯಿಂದ ಒಂದಿಷ್ಟು ಮಣ್ಣನ್ನು ತೊಳೆದೊಯ್ಯುತ್ತದೆ, ಪ್ರತಿ ಬೇಸಿಗೆಯಲ್ಲಿ ಊರವರು ಅಷ್ಟನ್ನೂ ಮತ್ತೆ ಮೆತ್ತಬೇಕು. ಮಣ್ಣಿಗೆ ಹೊಟ್ಟು, ಸಗಣಿ ಬೆರೆಸಿ, ಕೊಳೆಸಿ, ತುಳಿದು ಹದ ಮಾಡಿ ಬಳಿಯುವ ಈ ಕೆಲಸ ನಿಂತ ವರ್ಷದಿಂದಲೇ ಗೋಡೆಯ ಸಾವು ಆರಂಭವಾಗುತ್ತದೆ.

ನೀರು ಮೊದಲು ಇಳಿಯುವುದು ನೆತ್ತಿಯಿಂದ. ಮೇಲಿನ ಹೊದಿಕೆ ಒಡೆದರೆ ಮಳೆನೀರು ಗೋಡೆಯ ಒಡಲಿಗೆ ಇಳಿದು ಒಳಗಿನಿಂದಲೇ ಅದನ್ನು ಉಬ್ಬಿಸುತ್ತದೆ. ಬುಡದಲ್ಲಿ ಚರಂಡಿಯ ನೀರು ನಿಂತರೆ ತೇವ ಮೇಲೇರಿ, ಉಪ್ಪು ಬಿಳುಪಾಗಿ ಮೂಡಿ, ಗೋಡೆಯ ಕಾಲು ಸವೆಯುತ್ತದೆ. ಬಿರುಕಿನಲ್ಲಿ ಚಿಗುರಿದ ಬೇವು, ಅರಳಿ ಮರದ ಬೇರು ಉಳಿದ ಕೆಲಸವನ್ನು ಮುಗಿಸುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಕುಸಿದದ್ದನ್ನೂ, 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ಉಕ್ಕಿ ಹರಿದದ್ದನ್ನೂ ಓದುಗರು ಮರೆತಿರಲಾರರು.

ಮಳೆಗಿಂತ ಹೆಚ್ಚು ಹಾನಿ ಮಾಡಿದ್ದು ಗುದ್ದಲಿ. ಹಳೆಯ ಊರಿನ ಗೋಡೆ ಮತ್ತು ದಿಬ್ಬದ ಮಣ್ಣಿಗೆ ಹಾಳಮಣ್ಣು ಎಂದು ಹೆಸರು. ತಲೆಮಾರುಗಳ ಬೂದಿ, ಸಗಣಿ, ಕಸ ಬೆರೆತ ಈ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ, ನೀರು ಸೋಸದ ಬಿಳಿಮಣ್ಣು ಮಾಳಿಗೆಯ ಮೇಲ್ಮುದ್ದೆಗೆ ಒದಗುತ್ತದೆ. ಬಂಡಿಯಲ್ಲಿ ಸಾಗಿಸುತ್ತಿದ್ದ ಕಾಲದಲ್ಲಿ ಹುಡೇವು ನಿಧಾನವಾಗಿ ಸವೆಯಿತು. ಟ್ರ್ಯಾಕ್ಟರ್ ಮತ್ತು ಜೆಸಿಬಿ ಬಂದ ಮೇಲೆ ಇಡೀ ಗೋಪುರವನ್ನು ಒಂದೇ ದಿನದಲ್ಲಿ ನೆಲಸಮ ಮಾಡಲು ಸಾಧ್ಯವಾಯಿತು. ಇದರ ಜೊತೆಗೆ ನಿಧಿಯ ಆಸೆ ಬೇರೆ. ಹುಡೇವಿನ ಬುಡದಲ್ಲಿ ಬಂಗಾರ ಹೂತಿದೆ ಎಂಬ ಮಾತು ನಂಬಿ ರಾತ್ರಿ ಅಗೆಯುವವರು ಕಟ್ಟಡದ ಅಡಿಪಾಯವನ್ನೇ ಸಡಿಲಿಸುತ್ತಾರೆ. ಕರ್ನಾಟಕ ನಿಧಿ ಕಾಯ್ದೆ, 1962ರ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಮುಚ್ಚಿಡುವುದು ಅಪರಾಧ ಎಂಬುದು ಹಲವರಿಗೆ ತಿಳಿದಿಲ್ಲ.

ಹಗೇವುಗಳ ಕಥೆ ಬೇರೆ. ಘಟಪ್ರಭಾ ಯೋಜನೆಯ ಕಾಲುವೆ ನೀರು ಬಂದು, ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದಂತೆ ನೆಲದ ತೇವ ಹೆಚ್ಚಿತು. ತೇವದ ನೆಲದಲ್ಲಿ ಹಗೇವು ಕಾಳನ್ನು ಕಾಯಲಾರದು. ಸಕ್ಕರೆ ಕಾರ್ಖಾನೆಗಳ ಸೀಮೆಯಾದ ಮುಧೋಳ, ಜಮಖಂಡಿಗಳಲ್ಲಿ ತುಂಬಿಡಲು ಮೊದಲಿನಷ್ಟು ಜೋಳವೂ ಇಲ್ಲ.

ಕಾನೂನು ಏನು ಹೇಳುತ್ತದೆ?

ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು 1958ರ ಕೇಂದ್ರ ಕಾಯ್ದೆಯಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ ನೋಡಿಕೊಳ್ಳುತ್ತದೆ. ಈ ಭಾಗಕ್ಕೆ ಅದರ ಧಾರವಾಡ ವಲಯ ಕಚೇರಿ ಇದೆ. ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ ಮಟ್ಟದಲ್ಲಿ 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆ ಇದ್ದು, ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಅದನ್ನು ಜಾರಿಗೊಳಿಸುತ್ತದೆ.

ನೂರು ವರ್ಷ ದಾಟಿದ ಐತಿಹಾಸಿಕ ಕಟ್ಟಡ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಎಂದು ಘೋಷಿಸದ ಹೊರತು ರಕ್ಷಣೆ ದೊರೆಯದು. ದೇವಾಲಯ, ಶಾಸನ, ಅರಸರ ಕೋಟೆಗಳಿಗೆ ಸಿಕ್ಕ ಗಮನ ಊರ ಹುಡೇವಿಗೆ ಸಿಗುವುದು ಕಷ್ಟ. ಅದರಲ್ಲಿ ಶಿಲ್ಪವಿಲ್ಲ, ಕಟ್ಟಿಸಿದವರ ಹೆಸರಿನ ಶಾಸನವೂ ಸಾಮಾನ್ಯವಾಗಿ ಇರುವುದಿಲ್ಲ.

ಒಡೆತನದ ಪ್ರಶ್ನೆ ಇನ್ನೂ ಜಟಿಲ. ವಾಡೆಯೊಳಗಿನ ಹುಡೇವು ಖಾಸಗಿ ಆಸ್ತಿ. ಪಾಲಾಗಿ ಹೋದ ಮನೆತನದಲ್ಲಿ ಹತ್ತಾರು ಹಕ್ಕುದಾರರು ಇರಬಹುದು. ಊರ ಗೋಡೆಗೆ ಸೇರಿದ ಹುಡೇವು ಗಾಂವಠಾಣಾ ಜಾಗದಲ್ಲಿರುತ್ತದೆ. ಅದು ಎಲ್ಲರದೂ ಹೌದು, ಯಾರದೂ ಅಲ್ಲ. ಕೆಡವಿದರೆ ಕೇಳುವವರಿಲ್ಲ. ಕುಸಿದು ಪಕ್ಕದ ಮನೆಯ ಮೇಲೆ ಬಿದ್ದರೆ ಹೊಣೆ ಹೊರುವವರೂ ಇಲ್ಲ. ಹುಡೇವಿಗೆ ಆತು ಮನೆ ಕಟ್ಟಿಕೊಂಡ ಬಡ ಕುಟುಂಬಗಳಿಗೆ ಮಳೆಗಾಲದಲ್ಲಿ ಇದು ಪರಂಪರೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ನೀರಿನಡಿ ಹೋಗುವ ಮುನ್ನ

ಬೀಳಗಿ, ಜಮಖಂಡಿ, ಮುಧೋಳ, ಬಾಗಲಕೋಟೆ ತಾಲೂಕುಗಳಿಗೆ ಮತ್ತೊಂದು ಗಡುವೂ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯಡಿ ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಿದ್ದರಿಂದ ನದಿದಂಡೆಯ ಹಲವು ಹಳೆಯ ಊರುಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಊರಿನ ಜೊತೆ ಅದರ ಅಗಸಿ, ವಾಡೆ, ಹಗೇವುಗಳೂ ನೀರಿನಡಿ ಸೇರಿದವು. ಮಟ್ಟವನ್ನು 524.256 ಮೀಟರಿಗೆ ಏರಿಸಲು ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ಅದಕ್ಕಾಗಿ ಮುಳುಗುವ ಭೂಮಿಗೆ ಪರಿಹಾರದ ದರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು.

ಮುಳುಗಡೆಯ ಸರ್ವೆಯಲ್ಲಿ ಮನೆ, ಬಾವಿ, ಗಿಡಮರ ಎಣಿಕೆಯಾಗುತ್ತವೆ, ಏಕೆಂದರೆ ಅವುಗಳಿಗೆ ಪರಿಹಾರ ಉಂಟು. ಪರಿಹಾರ ಕೇಳುವವರಿಲ್ಲದ ಹುಡೇವಿನ ಅಳತೆ ಮತ್ತು ಛಾಯಾಚಿತ್ರವನ್ನು ಅದೇ ಸರ್ವೆಯ ಜೊತೆ ತೆಗೆದುಕೊಂಡರೆ ಖರ್ಚು ಹೆಚ್ಚುವುದಿಲ್ಲ. ನೀರು ನಿಂತ ಮೇಲೆ ಆ ಅವಕಾಶ ಮರಳಿ ಬರುವುದಿಲ್ಲ.

ಏನು ಮಾಡಬಹುದು?

ಎಲ್ಲ ಹುಡೇವುಗಳನ್ನೂ ಉಳಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲದಿರಬಹುದು. ಆದರೆ ಮೊದಲು ಎಷ್ಟು ಉಳಿದಿವೆ ಎಂಬ ಲೆಕ್ಕ ಬೇಕು. ಸ್ಮಾರಕಗಳ ರಾಷ್ಟ್ರೀಯ ದಾಖಲೀಕರಣಕ್ಕೆಂದೇ ಕೇಂದ್ರ ಸರ್ಕಾರ 2007ರಲ್ಲಿ ಸ್ಮಾರಕ ಮತ್ತು ಪ್ರಾಚ್ಯವಸ್ತುಗಳ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಗ್ರಾಮ ಪಂಚಾಯಿತಿಗೊಂದು ಪುಟದ ಪಟ್ಟಿ, ಪ್ರತಿ ಹುಡೇವಿನ ಎತ್ತರ, ಸುತ್ತಳತೆ, ಕಟ್ಟಡದ ಸಾಮಗ್ರಿ, ಜಾಗದ ಒಡೆತನ ಮತ್ತು ನಾಲ್ಕು ದಿಕ್ಕಿನ ಚಿತ್ರಗಳಿದ್ದರೆ ಆರಂಭಕ್ಕೆ ಸಾಕು. ಇದು ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸ.

ಉಳಿಸಬೇಕಾದವುಗಳಿಗೆ ದುಬಾರಿ ಚಿಕಿತ್ಸೆ ಬೇಕಿಲ್ಲ. ನೆತ್ತಿಯಿಂದ ನೀರು ಇಳಿಯದಂತೆ ಹೊದಿಕೆ, ಬುಡದಿಂದ ನೀರು ದೂರ ಹರಿಯುವಂತೆ ಚರಂಡಿ, ಬಿರುಕಿನ ಗಿಡಗಳನ್ನು ಚಿಕ್ಕದಿದ್ದಾಗಲೇ ಕಿತ್ತುಹಾಕುವುದು, ವರ್ಷಕ್ಕೊಮ್ಮೆ ಹದಮಣ್ಣಿನ ಲೇಪ, ಇಷ್ಟಾದರೆ ಗೋಪುರ ಇನ್ನೊಂದು ತಲೆಮಾರು ನಿಲ್ಲುತ್ತದೆ. ಸಿಮೆಂಟ್ ಬಳಿಯುವುದು ಮಾತ್ರ ತಪ್ಪು. ಸಿಮೆಂಟಿನ ಪದರ ಮಣ್ಣಿನ ಗೋಡೆಯ ತೇವವನ್ನು ಹೊರಬಿಡುವುದಿಲ್ಲ. ಹೊರಗೆ ಗಟ್ಟಿಯಾಗಿ ಕಂಡ ಗೋಡೆ ಒಳಗೆ ಕೊಳೆತು ಒಮ್ಮೆಲೇ ಕುಸಿಯುತ್ತದೆ. ಉಳಿಸಲಾಗದವುಗಳನ್ನು ಅಳತೆ ಮಾಡಿ ದಾಖಲಿಸಿ, ಪಕ್ಕದ ಮನೆಗಳಿಗೆ ಅಪಾಯವಾಗದಂತೆ ಇಳಿಸುವುದು ಸಹ ಜವಾಬ್ದಾರಿಯ ಕ್ರಮವೇ. ಗುರುತು ಸಿಕ್ಕ ಹಗೇವುಗಳ ಬಾಯಿಗೆ ಭದ್ರವಾದ ಚಪ್ಪಡಿ ಹಾಕಿಸುವುದು ಪಂಚಾಯಿತಿಯ ಕೈಯಲ್ಲಿಯೇ ಇದೆ.

ರಾಜ್ಯ ಸರ್ಕಾರ ಸ್ಮಾರಕಗಳನ್ನು ದತ್ತು ನೀಡುವ ಯೋಜನೆಯನ್ನು ಪ್ರಕಟಿಸಿದೆ. ದತ್ತು ಪಡೆಯುವವರು ಸಹಜವಾಗಿ ಪ್ರವಾಸಿಗರು ಬರುವ ತಾಣಗಳನ್ನು ಆರಿಸಿಕೊಳ್ಳುತ್ತಾರೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಜಿಲ್ಲೆಯಲ್ಲಿ ಊರ ಮಣ್ಣಿನ ಗೋಪುರವನ್ನು ದತ್ತು ಕೇಳಿ ದೂರದಿಂದ ಯಾರೂ ಬರಲಾರರು. ಅದನ್ನು ಕಟ್ಟಿದ್ದು ಊರು, ಪ್ರತಿ ಬೇಸಿಗೆ ಮಣ್ಣು ಮೆತ್ತಿ ಉಳಿಸಿಕೊಂಡು ಬಂದದ್ದೂ ಊರು. ಈಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸವೂ ಊರ ಪಂಚಾಯಿತಿಯಿಂದಲೇ ಆರಂಭವಾಗಬೇಕಾಗಿದೆ. ಮುಂದಿನ ಮಳೆಗಾಲಕ್ಕೆ ಮುಂಚೆ ಪಟ್ಟಿ ಸಿದ್ಧವಾದರೆ, ಯಾವುದನ್ನು ಉಳಿಸಬೇಕು, ಯಾವುದನ್ನು ಇಳಿಸಬೇಕು ಎಂಬ ತೀರ್ಮಾನವನ್ನು ಮಳೆಗೆ ಬಿಡಬೇಕಾಗುವುದಿಲ್ಲ.